ಹದಿಹರೆಯದವರ ಮೈಗ್ರೇನ್: ಯಾವ ಮಾತ್ರೆ, ಯಾವಾಗ, ಎಷ್ಟು ದಿನ?

ಅರೆತಲೆನೋವು ಎನ್ನುವ ಹೆಸರೇ ಮಕ್ಕಳ ಮಟ್ಟಿಗೆ ದಾರಿ ತಪ್ಪಿಸುತ್ತದೆ. ದೊಡ್ಡವರಿಗಾದರೆ ಹೆಚ್ಚಾಗಿ ತಲೆಯ ಒಂದು ಪಕ್ಕ ಸಿಡಿಯುತ್ತದೆ. ಹನ್ನೆರಡು ಹದಿಮೂರರ ಹುಡುಗ ಹುಡುಗಿಯರಲ್ಲಿ ಹಣೆಯ ಉದ್ದಕ್ಕೂ, ಎರಡೂ ಕಣತಲೆಗಳಲ್ಲಿ ನೋಯುವುದೇ ಹೆಚ್ಚು. ‘ಒಂದೇ ಕಡೆ ನೋಯ್ತಿಲ್ಲವಲ್ಲ, ಮೈಗ್ರೇನ್ ಇರಲಿಕ್ಕಿಲ್ಲ’ ಎಂದುಕೊಂಡ ಮನೆಯವರು ಮೊದಲು ಕನ್ನಡಕದ ಅಂಗಡಿಗೆ ಹೋಗುತ್ತಾರೆ, ಆಮೇಲೆ ಸೈನಸ್ ಎಕ್ಸ್‌ರೇ ತೆಗೆಸುತ್ತಾರೆ, ಕೊನೆಗೆ ‘ಪಿತ್ತ ಹೆಚ್ಚಾಗಿದೆ’ ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಅಷ್ಟರಲ್ಲಿ ಒಂದೆರಡು ವರ್ಷ ಕಳೆದಿರುತ್ತದೆ.

ಇಲ್ಲಿ ಹೇಳುತ್ತಿರುವುದು ತಿಂಗಳಿಗೆ ಒಂದೋ ಎರಡೋ, ಹೆಚ್ಚೆಂದರೆ ಮೂರು ಸಲ ಬಂದು ಹೋಗುವ ತಲೆನೋವಿನ ಬಗ್ಗೆ. ನಡುವಿನ ದಿನಗಳಲ್ಲಿ ಮಗು ಪೂರ್ತಿ ಹುಷಾರಾಗಿರುತ್ತದೆ. ಇಂಥ ಮನೆಗಳಲ್ಲಿ ಪ್ರತಿ ಸಲವೂ ಏಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ: ಮಲಗಿಸಿ ಕಾಯುವುದೋ ಮಾತ್ರೆ ಕೊಡುವುದೋ, ಪ್ಯಾರಾಸಿಟಮಾಲೋ ಐಬುಪ್ರೊಫೆನ್ನೋ, ದಿನಾ ನುಂಗುವ ಔಷಧಿ ಬೇಕೋ ಬೇಡವೋ, ಸ್ಕ್ಯಾನ್ ಮಾಡಿಸುವುದೋ ಬಿಡುವುದೋ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಯಾವ ಮಾತ್ರೆ ಎನ್ನುವುದಕ್ಕಿಂತ ಎಷ್ಟು ಬೇಗ ಕೊಟ್ಟಿರಿ, ಎಷ್ಟು ಮಿಲಿಗ್ರಾಂ ಕೊಟ್ಟಿರಿ, ತಿಂಗಳಲ್ಲಿ ಎಷ್ಟು ದಿನ ಕೊಟ್ಟಿರಿ ಎನ್ನುವ ಮೂರು ಲೆಕ್ಕಗಳ ಮೇಲೆ ಎಲ್ಲ ನಿಂತಿದೆ.

ಮೈಗ್ರೇನೇ ಹೌದೇ?

ತಜ್ಞರು ಬಳಸುವ ಅಂತರರಾಷ್ಟ್ರೀಯ ಮಾನದಂಡ ಹೀಗಿದೆ. ಒಂದೇ ಬಗೆಯ ತಲೆನೋವು ಕನಿಷ್ಠ 5 ಸಲ ಬಂದಿರಬೇಕು. ಔಷಧಿ ಕೊಡದಿದ್ದರೆ 2ರಿಂದ 72 ಗಂಟೆ ಇರಬೇಕು. ದೊಡ್ಡವರಿಗೆ ಕನಿಷ್ಠ 4 ಗಂಟೆ ಎಂದಿದೆ, 18ರೊಳಗಿನವರಿಗೆ 2 ಗಂಟೆ ಸಾಕು. ಒಂದೇ ಪಕ್ಕದ ನೋವು, ನಾಡಿ ಬಡಿದಂತೆ ಮಿಡಿಯುವುದು, ಕೆಲಸ ಕೆಡಿಸುವಷ್ಟು ಜೋರು, ಮೆಟ್ಟಿಲು ಹತ್ತಿದರೆ ಹೆಚ್ಚಾಗುವುದು, ಈ ನಾಲ್ಕರಲ್ಲಿ ಯಾವುದಾದರೂ ಎರಡು ಇರಬೇಕು. ಜೊತೆಗೆ ವಾಕರಿಕೆ ಅಥವಾ ವಾಂತಿ ಇರಬೇಕು, ಇಲ್ಲವೇ ಬೆಳಕು ಮತ್ತು ಸದ್ದು ಎರಡೂ ಸಹಿಸಲಾಗದಂತಿರಬೇಕು.

ಮನೆಯಲ್ಲಿ ಇಷ್ಟೆಲ್ಲ ಕೇಳುತ್ತ ಕೂರಬೇಕಿಲ್ಲ. ಹದಿನೈದರ ಹುಡುಗ ಮೊಬೈಲನ್ನೂ ಆಚೆ ಇಟ್ಟು, ಕಿಟಕಿಯ ಪರದೆ ಎಳೆದು, ಮುಸುಕು ಹಾಕಿಕೊಂಡು ಮಲಗಿದ ಎಂದರೆ ಅದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ. ಒತ್ತಡದ ತಲೆನೋವಿನಲ್ಲಿ ಹೀಗಾಗುವುದಿಲ್ಲ. ಅದು ತಲೆಗೆ ಪಟ್ಟಿ ಬಿಗಿದಂತಿರುತ್ತದೆ, ಮಗು ಗೊಣಗುತ್ತಲೇ ಟಿವಿ ನೋಡುತ್ತದೆ, ಊಟ ಮಾಡುತ್ತದೆ.

ಸೈನಸ್ ಎಂಬ ಅನುಮಾನಕ್ಕೂ ಕಾರಣವಿದೆ. ಮೈಗ್ರೇನ್ ಬಂದಾಗ ಕೆಲವರಿಗೆ ಮೂಗು ಕಟ್ಟುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ನಿಜವಾದ ಸೈನಸ್ ಸೋಂಕಿನಲ್ಲಿ ಗಟ್ಟಿ ಸಿಂಬಳ ಸುರಿಯುತ್ತದೆ, ಜ್ವರವೂ ಇರಬಹುದು, ದಿನಗಟ್ಟಲೆ ಬಿಡುವುದಿಲ್ಲ. ಮಧ್ಯಾಹ್ನ ಬಂದು ರಾತ್ರಿ ನಿದ್ದೆ ಮಾಡಿ ಏಳುವಷ್ಟರಲ್ಲಿ ಮಾಯವಾಗುವುದು ಸೈನಸ್ ಅಲ್ಲ. ಪಿತ್ತದ ವಿಷಯವೂ ಅಷ್ಟೆ. ವಾಂತಿಯಾದ ಮೇಲೆ ಹಗುರವಾಯಿತು ಎನ್ನುವುದನ್ನು ಹಿಡಿದು ಪಿತ್ತದಿಂದ ತಲೆನೋವು ಬಂತು ಎನ್ನುತ್ತೇವೆ. ನಡೆಯುವುದು ತಿರುಗುಮುರುಗು. ತಲೆಯಲ್ಲಿ ಮೈಗ್ರೇನ್ ಶುರುವಾದಾಗ ಹೊಟ್ಟೆಯ ಚಲನೆ ನಿಧಾನವಾಗುತ್ತದೆ, ವಾಕರಿಕೆಯೂ ಬರುತ್ತದೆ. ಈ ಒಂದು ಸಂಗತಿ ನೆನಪಿಡಿ, ಮಾತ್ರೆಯ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

ಮನೆತನದ ಚರಿತ್ರೆಯನ್ನೂ ಕೇಳಿಕೊಳ್ಳಿ. ನಿಮ್ಹಾನ್ಸ್ ತಜ್ಞರು ಸೇರಿ ಕರ್ನಾಟಕದಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, 18ರಿಂದ 65 ವಯಸ್ಸಿನವರಲ್ಲಿ ನೂರಕ್ಕೆ 25 ಮಂದಿಗೆ ವರ್ಷದೊಳಗೆ ಮೈಗ್ರೇನ್ ಬಂದಿತ್ತು. ಹಾಗಾಗಿ ಅಮ್ಮನಿಗೋ ಚಿಕ್ಕಮ್ಮನಿಗೋ ಇದ್ದೇ ಇರುತ್ತದೆ, ಅವರು ಅದನ್ನು ಮೈಗ್ರೇನ್ ಎಂದು ಕರೆದಿರುವುದಿಲ್ಲ ಅಷ್ಟೆ. ಚಿಕ್ಕಂದಿನಲ್ಲಿ ಬಸ್ಸಿನಲ್ಲಿ ಹೋದಾಗಲೆಲ್ಲ ವಾಂತಿ ಮಾಡುತ್ತಿದ್ದ ಮಗು, ಆಗಾಗ ಕಾರಣವಿಲ್ಲದೆ ಹೊಟ್ಟೆನೋವು ಎನ್ನುತ್ತಿದ್ದ ಮಗು ಮುಂದೆ ಮೈಗ್ರೇನ್‌ಗೆ ತಿರುಗುವುದು ಸಾಮಾನ್ಯ. ಮೈನೆರೆದ ಮೇಲೆ ಹುಡುಗಿಯರಲ್ಲಿ ಹುಡುಗರಿಗಿಂತ ಹೆಚ್ಚು.

ಕೆಲವರಿಗೆ ನೋವಿಗೆ ಮೊದಲು ಕಣ್ಣೆದುರು ಅಂಕುಡೊಂಕು ಗೆರೆ, ಮಿಣುಕು ಚುಕ್ಕೆ ಕಾಣುತ್ತವೆ, ನೋಟದ ಒಂದು ಭಾಗ ಮಸುಕಾಗುತ್ತದೆ ಅಥವಾ ಬೆರಳಿನಿಂದ ತುಟಿಯವರೆಗೆ ಜುಮ್ಮೆನ್ನುತ್ತದೆ. ಇದನ್ನು ‘ಔರಾ’ ಎನ್ನುತ್ತಾರೆ. ನಿಧಾನವಾಗಿ ಹರಡುತ್ತದೆ, 5ರಿಂದ 60 ನಿಮಿಷದಲ್ಲಿ ಹೋಗುತ್ತದೆ. ಔರಾ ಬರುವ ಹುಡುಗಿಯರ ತಾಯಂದಿರು ಒಂದು ವಿಷಯ ಗಟ್ಟಿಯಾಗಿ ನೆನಪಿಡಬೇಕು. ಪಿಸಿಒಡಿ ಎಂಬ ಅಂಡಾಶಯದ ತೊಂದರೆಗೆಂದು, ಮುಟ್ಟು ಸರಿಪಡಿಸಲೆಂದು ಬರೆದುಕೊಡುವ ಹಾರ್ಮೋನ್ ಮಾತ್ರೆಗಳಲ್ಲಿ ಎಷ್ಟೋ ಸಲ ಈಸ್ಟ್ರೊಜೆನ್ ಇರುತ್ತದೆ. ಔರಾ ಇರುವವರಿಗೆ ಇದರಿಂದ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಸ್ತ್ರೀರೋಗ ತಜ್ಞರು ಕೇಳದಿದ್ದರೂ ನೀವೇ ಹೇಳಿ.

ಕಾಯಬಾರದ ತಲೆನೋವು

ಕೆಳಗಿನ ಯಾವುದಾದರೂ ಒಂದಿದ್ದರೆ ಈ ಹೋಲಿಕೆಯೆಲ್ಲ ಪಕ್ಕಕ್ಕಿಟ್ಟು ವೈದ್ಯರ ಬಳಿ ಹೋಗಿ. ಮೊದಲ ಮೂರಕ್ಕೆ ಆ ಗಂಟೆಯೇ.

– ಸಿಡಿಲು ಬಡಿದಂತೆ ಒಂದೇ ನಿಮಿಷದಲ್ಲಿ ತಾರಕಕ್ಕೇರಿದ ನೋವು.
– ಜ್ವರದ ಜೊತೆ ಕತ್ತು ಬಗ್ಗಿಸಲಾಗದಿರುವುದು, ಮಂಪರು.
– ಫಿಟ್ಸ್, ಕೈಕಾಲು ಸೋಲುವುದು, ಮಾತು ತೊದಲುವುದು, ತಲೆಗೆ ಪೆಟ್ಟು ಬಿದ್ದ ಮೇಲೆ ಶುರುವಾದ ನೋವು.
– ನಿದ್ದೆಯಿಂದ ಎಬ್ಬಿಸುವ ನೋವು, ಬೆಳಗ್ಗೆ ಎದ್ದ ಕೂಡಲೇ ವಾಂತಿ, ಕೆಮ್ಮಿದರೆ ಮಲಗಿದರೆ ಹೆಚ್ಚಾಗುವುದು, ಒಂದು ವಸ್ತು ಎರಡಾಗಿ ಕಾಣುವುದು.
– ವಾರದಿಂದ ವಾರಕ್ಕೆ ಬಿಡದೆ ಏರುತ್ತಿರುವುದು, ಓದು ನಡವಳಿಕೆ ದಿಢೀರನೆ ಬದಲಾಗಿರುವುದು.
– ಯಾವಾಗಲೂ ತಲೆಯ ಹಿಂಭಾಗದಲ್ಲೇ ನೋವು.

ಇನ್ನೊಂದು ಸುಲಭವಾಗಿ ತಪ್ಪಿಹೋಗುತ್ತದೆ. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್, ಮಿನೊಸೈಕ್ಲಿನ್, ಐಸೊಟ್ರೆಟಿನಾಯಿನ್ ಔಷಧಿಗಳು ಕೆಲವರಲ್ಲಿ ಮೆದುಳಿನ ಸುತ್ತಲ ದ್ರವದ ಒತ್ತಡ ಏರಿಸುತ್ತವೆ. ಚರ್ಮದ ಡಾಕ್ಟರ ಚೀಟಿ ಬಂದ ಮೇಲೆ ಶುರುವಾದ ತಲೆನೋವನ್ನು ಮೈಗ್ರೇನ್ ಲೆಕ್ಕಕ್ಕೆ ಹಾಕಬೇಡಿ. ಮಳೆಗಾಲದಲ್ಲಿ ಜ್ವರದ ಜೊತೆ ಬಂದ ತಲೆನೋವು ಡೆಂಗಿಯೂ ಆಗಿರಬಹುದು. ಆಗ ಐಬುಪ್ರೊಫೆನ್, ಆಸ್ಪಿರಿನ್ ಬಗೆಯ ಯಾವ ಮಾತ್ರೆಯೂ ಬೇಡ, ರಕ್ತಸ್ರಾವದ ಅಪಾಯವಿದೆ, ಪ್ಯಾರಾಸಿಟಮಾಲ್ ಒಂದೇ.

ಮಲಗಿಸಿ ಕಾಯುವುದೋ, ಮಾತ್ರೆಯೋ?

‘ಮಕ್ಕಳಿಗೆ ನೋವಿನ ಮಾತ್ರೆ ಒಳ್ಳೆಯದಲ್ಲ, ತಡೆಯಲಾಗದಿದ್ದರೆ ಕೊಡೋಣ’ ಎಂಬ ಕಾಳಜಿಯೇ ಹೆಚ್ಚಿನ ಸಲ ಮಾತ್ರೆ ಕೆಲಸ ಮಾಡದಿರಲು ಕಾರಣ. ಹೊಟ್ಟೆಯ ಚಲನೆ ನಿಧಾನವಾಗುತ್ತದೆ ಎಂದೆವಲ್ಲ, ನೋವು ಏರಿ ಎರಡು ಗಂಟೆಯಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲೇ ಕೂತಿರುತ್ತದೆ, ಇಲ್ಲವೇ ವಾಂತಿಯಲ್ಲಿ ಹೊರಬರುತ್ತದೆ. ಆಮೇಲೆ ‘ಐಬುಪ್ರೊಫೆನ್ ಅವಳಿಗೆ ಹಿಡಿಯಲ್ಲ’ ಎಂಬ ಅಪವಾದ. ನೋವು ಶುರುವಾದ ಅರ್ಧ ಗಂಟೆಯೊಳಗೆ, ಇನ್ನೂ ಸಣ್ಣದಿರುವಾಗಲೇ ಕೊಟ್ಟ ಒಂದು ಪೂರ್ತಿ ಡೋಸ್, ತಡವಾಗಿ ಕೊಟ್ಟ ಮೂರು ಡೋಸಿಗಿಂತ ಮೇಲು.

ಹಾಗೆಂದು ಎಲ್ಲ ತಲೆನೋವಿಗೂ ಓಡಿಹೋಗಿ ಮಾತ್ರೆ ನುಂಗುವುದಲ್ಲ. ನಾಲ್ಕೈದು ಸಲ ಬಂದ ಮೇಲೆ ಇದು ದೊಡ್ಡದಾಗುವ ನೋವು, ಇದು ಹಾಗೇ ಹೋಗುವ ನೋವು ಎಂದು ಮಕ್ಕಳೇ ಗುರುತಿಸುತ್ತಾರೆ. ಕುತ್ತಿಗೆ ಬಿಗಿತ, ಪದೇ ಪದೇ ಆಕಳಿಕೆ, ಮುಖ ಬಿಳಿಚಿಕೊಳ್ಳುವುದು, ವಿನಾಕಾರಣ ಸಿಡುಕು ಮುನ್ಸೂಚನೆಗಳು. ಮೊದಲ ಬಗೆಗೆ ಮಾತ್ರೆ, ಎರಡನೆಯದಕ್ಕೆ ನೀರು, ತಿಂಡಿ, ಕತ್ತಲೆ ಕೋಣೆ.

ಮಾತ್ರೆ ಕೊಟ್ಟ ಮೇಲೂ ಮಲಗಿಸಲೇಬೇಕು, ನಿದ್ದೆ ಬಂದರೆ ಅರ್ಧ ಗೆದ್ದಂತೆ. ಹಣೆ ಮೇಲೆ ತಣ್ಣೀರ ಬಟ್ಟೆ ಅಥವಾ ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ಹದಿನೈದು ನಿಮಿಷ. ಬಾಮ್ ಹಚ್ಚುವುದು ರೂಢಿ. ಕೆಲವರಿಗೆ ಹಿತ, ಆದರೆ ಮೈಗ್ರೇನ್‌ನಲ್ಲಿ ವಾಸನೆಯೇ ವಾಕರಿಕೆ ತರಬಹುದು, ಮಗು ಮುಖ ತಿರುಗಿಸಿದರೆ ಒತ್ತಾಯಿಸಬೇಡಿ. ಅರ್ಧ ಲೋಟ ಕಾಫಿ ನೋವಿನ ಮಾತ್ರೆಗೆ ಬಲ ಕೊಡುತ್ತದೆ ಎನ್ನುವುದು ನಿಜ. ಸಂಜೆ ನಾಲ್ಕರ ನಂತರ ಕೊಟ್ಟರೆ ರಾತ್ರಿಯ ನಿದ್ದೆ ಕೆಡುತ್ತದೆ, ನಾಳೆಯ ತಲೆನೋವಿಗೆ ಇವತ್ತೇ ಬೀಜ ಬಿತ್ತಿದಂತೆ.

ಮೆಡಿಕಲ್ ಶಾಪಿನ ಮಾತ್ರೆಗಳಲ್ಲಿ ಯಾವುದು?

ಮೊದಲ ಆಯ್ಕೆ ಐಬುಪ್ರೊಫೆನ್. ಮಕ್ಕಳ ಮೈಗ್ರೇನ್‌ಗೆ ಅಮೆರಿಕದ ನರವಿಜ್ಞಾನ ಅಕಾಡೆಮಿ 2019ರಲ್ಲಿ ಹೊರತಂದ ಮಾರ್ಗಸೂಚಿಯೂ ಇದನ್ನೇ ಮೊದಲು ಹೇಳುತ್ತದೆ. ಲೆಕ್ಕ ಕೆಜಿ ತೂಕಕ್ಕೆ 10 ಮಿಲಿಗ್ರಾಂ, ಒಂದು ಸಲಕ್ಕೆ 400 ಮಿಲಿಗ್ರಾಂ ದಾಟುವುದು ಬೇಡ. 45 ಕೆಜಿಯ ಹುಡುಗಿಗೆ 400ರ ಒಂದು ಮಾತ್ರೆ. 30 ಕೆಜಿಯ ಹುಡುಗನಿಗೆ 300 ಮಿಲಿಗ್ರಾಂ, ಅಂದರೆ 200ರ ಒಂದೂವರೆ ಮಾತ್ರೆ ಅಥವಾ 5 ಎಂಎಲ್‌ಗೆ 100 ಮಿಲಿಗ್ರಾಂ ಇರುವ ಸಿರಪ್ 15 ಎಂಎಲ್. ಬೇಕಾದರೆ 6ರಿಂದ 8 ಗಂಟೆ ಬಿಟ್ಟು ಮತ್ತೊಂದು, ದಿನಕ್ಕೆ ಮೂರಕ್ಕಿಂತ ಹೆಚ್ಚಿಲ್ಲ. ಬರಿಹೊಟ್ಟೆಗೆ ಬೇಡ; ಎರಡು ಬಿಸ್ಕೆಟ್, ಒಂದು ಬಾಳೆಹಣ್ಣು ಸಾಕು, ಊಟಕ್ಕೆ ಕಾಯುತ್ತ ಕೂತರೆ ಹೊತ್ತು ಮೀರುತ್ತದೆ. ಉಬ್ಬಸ, ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇರುವವರಿಗೆ ವೈದ್ಯರನ್ನು ಕೇಳದೆ ಕೊಡಬಾರದು. ಬಿಸಿಲಲ್ಲಿ ಆಡಿ ಬೆವರಿ ನೀರೇ ಕುಡಿಯದೆ ಬಂದ ಮಗುವಿಗೆ ಮೊದಲು ನೀರು, ಆಮೇಲೆ ಈ ಮಾತ್ರೆ.

ಪ್ಯಾರಾಸಿಟಮಾಲ್ ಎರಡನೆಯದು. ನೋವಿನ ಮೇಲೆ ಹಿಡಿತ ತುಸು ಕಡಿಮೆ, ಹೊಟ್ಟೆಗೆ ಸೌಮ್ಯ. ಡೆಂಗಿ ಅನುಮಾನವಿದ್ದಾಗ, ಉಬ್ಬಸ ಇದ್ದಾಗ ಇದೇ ಸರಿ. ಕೆಜಿಗೆ 15 ಮಿಲಿಗ್ರಾಂ: 45 ಕೆಜಿಗೆ 650ರ ಮಾತ್ರೆ, 33 ಕೆಜಿಗೆ 500ರದು. ಎರಡು ಡೋಸಿನ ನಡುವೆ 6 ಗಂಟೆ, 24 ಗಂಟೆಯಲ್ಲಿ ನಾಲ್ಕಕ್ಕಿಂತ ಹೆಚ್ಚಿಲ್ಲ. ‘ಪಾಪ ಚಿಕ್ಕವಳು’ ಎಂದು 500ರಲ್ಲಿ ಅರ್ಧ ಮುರಿದು ಕೊಟ್ಟರೆ 45 ಕೆಜಿಯ ದೇಹಕ್ಕೆ ಅದು ಲೆಕ್ಕಕ್ಕೇ ಇಲ್ಲ.

ಎಡವುವುದು ಮಿಶ್ರಣದ ಮಾತ್ರೆಗಳಲ್ಲಿ. ಐಬುಪ್ರೊಫೆನ್ 400 ಮತ್ತು ಪ್ಯಾರಾಸಿಟಮಾಲ್ 325 ಸೇರಿದ ಮಾತ್ರೆ ಪ್ರತಿ ಅಂಗಡಿಯಲ್ಲೂ ಸಿಗುತ್ತದೆ. ಅದನ್ನು ಕೊಟ್ಟು, ಒಂದು ಗಂಟೆ ಬಿಟ್ಟು ‘ಇನ್ನೂ ಕಡಿಮೆಯಾಗಿಲ್ಲ’ ಎಂದು 650ರ ಪ್ಯಾರಾಸಿಟಮಾಲ್ ಕೊಟ್ಟರೆ ಒಟ್ಟು 975 ಆಯಿತು, 45 ಕೆಜಿಗೆ ಸಲ್ಲುವುದು 675. ಮಾತ್ರೆಯ ಹೆಸರು ನೋಡಬೇಡಿ, ಪಟ್ಟಿಯ ಹಿಂದೆ ಸಣ್ಣಕ್ಷರದಲ್ಲಿರುವ ಔಷಧಿಯ ಹೆಸರು ಓದಿ. ಹುಡುಗಿಯರ ವಿಷಯದಲ್ಲಿ ಇನ್ನೊಂದು: ಮುಟ್ಟಿನ ಹೊಟ್ಟೆನೋವಿಗೆ ಕೊಡುವ ಮೆಫೆನಮಿಕ್ ಆಸಿಡ್ ಕೂಡ ಐಬುಪ್ರೊಫೆನ್ ಜಾತಿಯದೇ. ಅದನ್ನು ನುಂಗಿದ ದಿನ ತಲೆನೋವಿಗೆಂದು ಐಬುಪ್ರೊಫೆನ್ ಸೇರಿಸಬಾರದು.

ನೆಪ್ರಾಕ್ಸೆನ್ ಇದೇ ಗುಂಪಿನ ನಿಧಾನಗಾಮಿ. ಹಿಡಿತ 12 ಗಂಟೆಯವರೆಗೆ ಉಳಿಯುವುದು ಇದರ ಲಾಭ. ಬೆಳಗ್ಗೆ ಕಡಿಮೆಯಾಗಿ ಸಂಜೆ ಮತ್ತೆ ತಲೆಯೆತ್ತುವ ನೋವಿಗೆ, ಮುಟ್ಟಿನ ಆಸುಪಾಸಿನ ಎರಡು ಮೂರು ದಿನ ಎಳೆಯುವ ನೋವಿಗೆ ವೈದ್ಯರು ಇದನ್ನು ಬರೆಯುತ್ತಾರೆ.

ಕೊಳ್ಳಲೇಬಾರದವು ಇವು. ಆಸ್ಪಿರಿನ್: ಫ್ಲೂ, ಚಿಕನ್‌ಪಾಕ್ಸ್‌ನಂಥ ವೈರಸ್ ಜ್ವರದ ಸಮಯದಲ್ಲಿ 16ರೊಳಗಿನವರಿಗೆ ಕೊಟ್ಟರೆ ಯಕೃತ್ತು, ಮೆದುಳಿಗೆ ಹಾನಿ ಮಾಡುವ ರೈ ಸಿಂಡ್ರೋಮ್ ಬರಬಹುದು. ನಿಮೆಸುಲೈಡ್: 12ರೊಳಗಿನವರಿಗೆ ಭಾರತದಲ್ಲಿ 2011ರಿಂದ ನಿಷೇಧವಿದೆ, ದೊಡ್ಡ ಮಕ್ಕಳಿಗೂ ಯಕೃತ್ತಿನ ದೃಷ್ಟಿಯಿಂದ ನಾವು ಸೂಚಿಸುವುದಿಲ್ಲ. ಮೂರನೆಯದು ಎರ್ಗೊಟಮಿನ್ ಬೆರೆತ ‘ಮೈಗ್ರೇನ್ ಮಾತ್ರೆ’. ಅಪ್ಪನಿಗೋ ಅಮ್ಮನಿಗೋ ಹಿಂದೆ ಬರೆದುಕೊಟ್ಟದ್ದು ಡಬ್ಬಿಯಲ್ಲಿ ಉಳಿದಿರುತ್ತದೆ. ಇದು ರಕ್ತನಾಳಗಳನ್ನು ಕುಗ್ಗಿಸುತ್ತದೆ, ವಾಂತಿ ಹೆಚ್ಚಿಸುತ್ತದೆ. ಗಂಟಲುನೋವಿಗೆಂದು ಎರಿಥ್ರೊಮೈಸಿನ್ ಅಥವಾ ಕ್ಲಾರಿಥ್ರೊಮೈಸಿನ್ ನಡೆಯುತ್ತಿರುವಾಗ ಇದು ಹೊಟ್ಟೆಗೆ ಹೋದರೆ ಬೆರಳುಗಳ ರಕ್ತಸಂಚಾರವೇ ನಿಲ್ಲುವಷ್ಟು ಅಪಾಯ. ಅದನ್ನು ಮಗುವಿಗೆ ಕೊಡುವ ಯೋಚನೆಯನ್ನೇ ಬಿಡಿ.

ಕೊಟ್ಟ ಮಾತ್ರೆ ಗೆದ್ದಿತೋ ಸೋತಿತೋ ಎಂದು ಅಳೆಯಲು 2 ಗಂಟೆಯ ಗೆರೆ ಹಾಕಿಕೊಳ್ಳಿ. ಎರಡು ಗಂಟೆಯಲ್ಲಿ ನೋವು ಹೋಗಿರಬೇಕು ಅಥವಾ ಎದ್ದು ಓಡಾಡುವಷ್ಟು ಇಳಿದಿರಬೇಕು. ಒಂದು ಸಲ ಸೋತಿತೆಂದು ಬದಲಿಸಬೇಡಿ. ಸರಿಯಾದ ಡೋಸ್, ಸರಿಯಾದ ಹೊತ್ತಿಗೆ, ಮೂರು ಸಲ ಕೊಟ್ಟು ಎರಡು ಸಲ ಸೋತರೆ ಆಗ ಮುಂದಿನ ಮೆಟ್ಟಿಲು.

ವಾಂತಿಯೇ ಮುಂದಾದರೆ

ನುಂಗಿ 15-20 ನಿಮಿಷದೊಳಗೆ ವಾಂತಿಯಾಗಿ ಮಾತ್ರೆ ಹಾಗೇ ಹೊರಬಿದ್ದದ್ದು ಕಂಡರೆ ಮಾತ್ರ ಇನ್ನೊಂದು ಕೊಡಬಹುದು. ಅದಕ್ಕಿಂತ ತಡವಾಗಿದ್ದರೆ ಎಷ್ಟು ಒಳಹೋಗಿದೆ ಎಂದು ಹೇಳಲಾಗದು, ಮುಂದಿನ ಡೋಸಿನ ಹೊತ್ತಿಗೇ ಕಾಯಬೇಕು. ಪ್ರತಿ ಸಲವೂ ಹೀಗಾಗುವ ಮಕ್ಕಳಿಗೆ ಬಾಯಲ್ಲೇ ಕರಗುವ ಒಂಡಾನ್ಸೆಟ್ರಾನ್ 4 ಮಿಲಿಗ್ರಾಂ ಮಾತ್ರೆಯನ್ನು ವೈದ್ಯರು ಬರೆದುಕೊಡುತ್ತಾರೆ. ಮಲಬದ್ಧತೆ ಅದರ ಸಾಮಾನ್ಯ ಅಡ್ಡಪರಿಣಾಮ, ತಮಾಷೆಯೆಂದರೆ ತಲೆನೋವೂ ಹೌದು. ಮೆಟೊಕ್ಲೊಪ್ರಮೈಡ್, ಪ್ರೊಕ್ಲೋರ್‌ಪೆರಜಿನ್ ಇನ್ನೂ ಬಲವಾದವು, ಮೈಗ್ರೇನ್ ನೋವಿನ ಮೇಲೂ ಕೆಲಸ ಮಾಡುತ್ತವೆ. ಆದರೆ ಹದಿಹರೆಯದವರಲ್ಲಿ ಇವುಗಳಿಂದ ಕತ್ತು ಒಂದು ಕಡೆ ತಿರುಚಿಕೊಳ್ಳುವುದು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುವುದು ಆಗಬಹುದು. ನೋಡಿದವರು ಫಿಟ್ಸ್ ಎಂದೇ ಹೆದರುತ್ತಾರೆ. ಇಂಜೆಕ್ಷನ್‌ನಿಂದ ಬೇಗ ಸರಿಹೋಗುವ ತೊಂದರೆ ಅದು, ಆದರೂ ಆಸ್ಪತ್ರೆಯ ಹೊರಗೆ ಇವನ್ನು ನಾವು ಕೊಡುವುದಿಲ್ಲ.

ಟ್ರಿಪ್ಟಾನ್: ಯಾರಿಗೆ, ಯಾರಿಗಲ್ಲ

ಐಬುಪ್ರೊಫೆನ್ ಸೋತಾಗಿನ ಮೆಟ್ಟಿಲು ಟ್ರಿಪ್ಟಾನ್ ಎಂಬ ಔಷಧಿಗಳ ಗುಂಪು. ಬರೀ ನೋವು ಮರೆಸುವ ಔಷಧಿಯಲ್ಲ, ಮೈಗ್ರೇನ್ ನಡೆಯುವ ನರ-ರಕ್ತನಾಳಗಳ ದಾರಿಯನ್ನೇ ತಡೆಯುತ್ತದೆ. ವೈದ್ಯರ ಚೀಟಿ ಬೇಕೇ ಬೇಕು. ರೈಜಾಟ್ರಿಪ್ಟಾನ್‌ಗೆ 6ರಿಂದ 17 ವಯಸ್ಸಿನವರಲ್ಲಿ ಬಳಸಲು ಅಮೆರಿಕದ ಔಷಧ ನಿಯಂತ್ರಕರು 2011ರಲ್ಲಿ ಒಪ್ಪಿಗೆ ಕೊಟ್ಟರು. 40 ಕೆಜಿಗಿಂತ ಕಡಿಮೆಯಿದ್ದರೆ 5 ಮಿಲಿಗ್ರಾಂ, 40 ಮತ್ತು ಮೇಲಿದ್ದರೆ 10. ಮಕ್ಕಳಲ್ಲಿ 24 ಗಂಟೆಗೆ ಒಂದೇ ಡೋಸ್. ನೀರಿಲ್ಲದೆ ಬಾಯಲ್ಲಿ ಕರಗುವ ಬಗೆಯೂ ಇದೆ, ಶಾಲೆಯಲ್ಲಿ ಅನುಕೂಲ. ವಾಂತಿ ಬೇಗ ಬರುವವರಿಗೆ ಮೂಗಿಗೆ ಸಿಂಪಡಿಸುವ ಜೊಲ್ಮಿಟ್ರಿಪ್ಟಾನ್ ಮೇಲು, ಹೊಟ್ಟೆಯ ನಿಧಾನಗತಿಯನ್ನು ಅದು ದಾಟಿಹೋಗುತ್ತದೆ. ಗಂಟಲಿಗೆ ಇಳಿವ ಕಹಿ ಮಾತ್ರ ಸಹಿಸಬೇಕು.

ಕೊಡಬೇಕಾದ್ದು ನೋವು ಶುರುವಾದ ಮೇಲೆ. ಕಣ್ಣೆದುರು ಗೆರೆ ಕಾಣುತ್ತಿರುವಾಗ ಕೊಟ್ಟರೆ ಪ್ರಯೋಜನ ಕಡಿಮೆ. ಎದೆ ಅಥವಾ ಗಂಟಲು ಬಿಗಿದಂತೆ, ಮೈ ಜುಮ್ಮೆಂದಂತೆ ಕೆಲ ನಿಮಿಷ ಆಗಬಹುದು, ಮಗುವಿಗೆ ಮೊದಲೇ ಹೇಳಿಟ್ಟರೆ ಗಾಬರಿಯಾಗುವುದಿಲ್ಲ. ಹೃದಯದ ತೊಂದರೆ, ಹತೋಟಿಯಿಲ್ಲದ ಬಿಪಿ, ಮೈಗ್ರೇನ್ ಬಂದಾಗ ಒಂದು ಪಕ್ಕದ ಕೈಕಾಲು ಸೋಲುವುದು, ಇವಿದ್ದರೆ ಟ್ರಿಪ್ಟಾನ್ ಬೇಡ. ಎರ್ಗೊಟಮಿನ್ ನುಂಗಿದ 24 ಗಂಟೆಯೊಳಗೂ ಬೇಡ. ಖಿನ್ನತೆಗೆ ಮಾತ್ರೆ ನಡೆಯುತ್ತಿದ್ದರೆ, ಮೈಗ್ರೇನ್ ತಡೆಯಲು ದಿನಾ ಕೊಡುವ ಪ್ರೊಪ್ರನೊಲಾಲ್ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ. ಪ್ರೊಪ್ರನೊಲಾಲ್ ಜೊತೆಗೆ ರೈಜಾಟ್ರಿಪ್ಟಾನ್‌ನ ಪ್ರಮಾಣ ಅರ್ಧಕ್ಕಿಳಿಯುತ್ತದೆ, 40 ಕೆಜಿಗಿಂತ ಕಡಿಮೆ ತೂಕದವರಿಗೆ ಎರಡನ್ನೂ ಒಟ್ಟಿಗೆ ಕೊಡುವಂತೆಯೇ ಇಲ್ಲ.

ಔಷಧಿ ಬೇಡ ಎನ್ನುವವರಿಗೆ ತೋಳಿಗೆ ಕಟ್ಟಿಕೊಳ್ಳುವ ವಿದ್ಯುತ್ ಪಟ್ಟಿಯೊಂದಿದೆ. 45 ನಿಮಿಷ ಕಟ್ಟಿಕೊಂಡು ಮೊಬೈಲ್ ಆ್ಯಪ್‌ನಿಂದ ನಡೆಸುವುದು. ತಿಂಗಳಿಗೊಮ್ಮೆ ಬರುವ ನೋವಿಗೆ ಅಷ್ಟು ದುಡ್ಡು ಹಾಕಬೇಕೇ ಎನ್ನುವುದು ಬೇರೆ ಮಾತು.

ಕ್ಯಾಲೆಂಡರಿನಲ್ಲಿ ಎರಡು ಗುರುತು

ನೋವಿನ ಮಾತ್ರೆಯೇ ತಲೆನೋವು ತರುವ ಹಂತವೊಂದಿದೆ. ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಒಂದೊಂದೇ ಆಗಿ ತಿಂಗಳಲ್ಲಿ 15 ದಿನ ಅಥವಾ ಹೆಚ್ಚು, ಟ್ರಿಪ್ಟಾನ್ ಮತ್ತು ಮಿಶ್ರಣದ ಮಾತ್ರೆಗಳು 10 ದಿನ ಅಥವಾ ಹೆಚ್ಚು, ಮೂರು ತಿಂಗಳಿಗಿಂತ ಮೇಲೆ ನಡೆದರೆ ದಿನಾ ತಲೆನೋವು ನೆಲೆನಿಲ್ಲುತ್ತದೆ. ನಾವು ಹೇಳುವ ಗಡಿ ಇನ್ನೂ ಬಿಗಿ: ವಾರಕ್ಕೆ ಎರಡು ದಿನ.

ಇದಕ್ಕೆ ಆ್ಯಪ್ ಬೇಡ. ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರ್ ಸಾಕು. ನೋವು ಬಂದ ದಿನಕ್ಕೆ ‘ನೋ’, ಮಾತ್ರೆ ನುಂಗಿದ ದಿನಕ್ಕೆ ‘ಮಾ’, ಮುಟ್ಟಿನ ಮೊದಲ ದಿನಕ್ಕೆ ಒಂದು ಸುತ್ತು. ಮೂರು ತಿಂಗಳ ಹಾಳೆ ನೋಡಿದರೆ ವೈದ್ಯರಿಗೆ ಅರ್ಧ ವಿಷಯ ಗೊತ್ತಾಗುತ್ತದೆ. ಅಮ್ಮ ಬರೆಯುವುದಕ್ಕಿಂತ ಮಗು ತಾನೇ ಬರೆಯುವುದು ಮೇಲು. ಅಮ್ಮನಿಗೆ ಕಾಣದೆ ಬ್ಯಾಗಿನಲ್ಲಿಟ್ಟುಕೊಂಡು ನುಂಗಿದ ಮಾತ್ರೆಯೂ ಆಗ ಲೆಕ್ಕಕ್ಕೆ ಬರುತ್ತದೆ.

ದಿನಾ ನುಂಗುವ ಔಷಧಿ ಬೇಕೇ?

ತಿಂಗಳಿಗೆ ಒಂದರಿಂದ ಮೂರು ಸಲದ ನೋವಿಗೆ, ಮಾತ್ರೆಗೆ ಬಗ್ಗುತ್ತಿದ್ದರೆ, ಬೇಡ. ನಮ್ಮಲ್ಲಿ ಮೈಗ್ರೇನ್ ಎಂಬ ಪದ ಬಾಯಿಗೆ ಬಂದ ಕೂಡಲೇ ನೋವು ಬರದಂತೆ ತಡೆಯಲೆಂದು ರಾತ್ರಿಗೊಂದು ಫ್ಲುನರಿಜಿನ್ ಬರೆದುಕೊಡುವ ರೂಢಿ ಬಹಳ ಕಡೆ ಇದೆ. ಅದು ನೋವಿನ ದಿನಗಳನ್ನು ಕಡಿಮೆ ಮಾಡಬಲ್ಲದು, ಸುಳ್ಳಲ್ಲ. ಜೊತೆಗೆ ತೂಕ ಏರಿಸುತ್ತದೆ, ತೂಕಡಿಕೆ ತರುತ್ತದೆ, ಕೆಲವರಲ್ಲಿ ಮಂಕು ಕವಿಸುತ್ತದೆ. ಪಿಯುಸಿ ಓದುವ ಹುಡುಗಿಗೆ ಈ ಮೂರೂ ಸಣ್ಣ ಮಾತಲ್ಲ. ಹೀಗೇ ದಿನಾ ಕೊಡುವ ಇನ್ನೆರಡರಲ್ಲಿ ಪ್ರೊಪ್ರನೊಲಾಲ್ ಉಬ್ಬಸ ಇರುವವರಿಗೆ ಸಲ್ಲದು. ಟೊಪಿರಮೇಟ್ ಹಸಿವು ಕೊಲ್ಲುತ್ತದೆ, ಬೆರಳು ಜುಮ್ಮೆನ್ನಿಸುತ್ತದೆ, ಮಾತಾಡುವಾಗ ಪದ ತಡಕಾಡುವಂತೆ ಮಾಡುತ್ತದೆ, ಬಸುರಿನಲ್ಲಿ ಭ್ರೂಣಕ್ಕೆ ಹಾನಿ.

ಇಲ್ಲಿ ಒಂದು ಅಧ್ಯಯನ ತಿಳಿದಿರುವುದು ಒಳ್ಳೆಯದು. ಅಮೆರಿಕದಲ್ಲಿ 8ರಿಂದ 17ರ 361 ಮಕ್ಕಳನ್ನು ಮೂರು ಗುಂಪು ಮಾಡಿ ಅಮಿಟ್ರಿಪ್ಟಿಲಿನ್, ಟೊಪಿರಮೇಟ್ ಮತ್ತು ಔಷಧಿಯೇ ಇಲ್ಲದ ಹುಸಿ ಮಾತ್ರೆ ಕೊಟ್ಟು ನೋಡಿದರು. ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ತಲೆನೋವಿನ ದಿನಗಳು ಅರ್ಧಕ್ಕಿಳಿದವರು ಕ್ರಮವಾಗಿ ನೂರಕ್ಕೆ 52, 55 ಮತ್ತು 61. ಹುಸಿ ಮಾತ್ರೆಯವರೇ ಮುಂದೆ! ಅಡ್ಡಪರಿಣಾಮ ಮಾತ್ರ ನಿಜವಾದ ಔಷಧಿಯ ಗುಂಪುಗಳಲ್ಲಿ ಹೆಚ್ಚು. ಮಕ್ಕಳ ಮೈಗ್ರೇನ್‌ಗೆ ತಾನಾಗಿ ಇಳಿಯುವ ಗುಣವೂ ಇದೆ, ಯಾರೋ ಕೂತು ಲೆಕ್ಕ ಕೇಳಿ ನಿದ್ದೆ ಊಟ ಸರಿಪಡಿಸಿದರೆ ಇಳಿಯುವ ಗುಣವೂ ಇದೆ.

ತಿಂಗಳಿಗೆ ನಾಲ್ಕು ದಿನ ದಾಟಿದರೆ, ಶಾಲೆ ತಪ್ಪುತ್ತಿದ್ದರೆ, ಟ್ರಿಪ್ಟಾನ್‌ಗೂ ಬಗ್ಗದಿದ್ದರೆ ಆಗ ದಿನದ ಔಷಧಿಯ ಮಾತು. ಶುರು ಮಾಡಿದರೆ ಪೂರ್ತಿ ಡೋಸಿನಲ್ಲಿ ಎರಡು ಮೂರು ತಿಂಗಳು ಕೊಡದೆ ಫಲ ಅಳೆಯಲಾಗದು. ಎರಡು ವಾರಕ್ಕೆ ಬಿಟ್ಟು ‘ಹಿಡಿಯಲಿಲ್ಲ’ ಎನ್ನುವವರೇ ಹೆಚ್ಚು. ಮೆಗ್ನೀಸಿಯಂ, ರೈಬೊಫ್ಲೇವಿನ್ (ಬಿ2 ವಿಟಮಿನ್) ಮಾತ್ರೆಗಳನ್ನೂ ಕೊಡುವುದುಂಟು. ಮಕ್ಕಳಲ್ಲಿ ಪುರಾವೆ ತೆಳ್ಳಗಿದೆ, ತೊಂದರೆಯೂ ಕಡಿಮೆ. ರೈಬೊಫ್ಲೇವಿನ್‌ನಿಂದ ಮೂತ್ರ ಗಾಢ ಹಳದಿಯಾದರೆ ಹೆದರಬೇಡಿ.

ನಿದ್ದೆ, ಊಟ, ನೀರು: ಮೊದಲು ಯಾವುದು?

ಎಲ್ಲವನ್ನೂ ಒಟ್ಟಿಗೆ ಬದಲಿಸಲು ಹೊರಟರೆ ವಾರದಲ್ಲಿ ಎಲ್ಲ ಕೈಬಿಡುತ್ತದೆ. ಒಂದನ್ನೇ ಆರಿಸುವುದಾದರೆ ನಿದ್ದೆ. 13ರಿಂದ 18ರವರಿಗೆ 8ರಿಂದ 10 ಗಂಟೆ ಬೇಕು. ರಾತ್ರಿ ಹನ್ನೆರಡರವರೆಗೆ ಓದಿ ಐದಕ್ಕೆ ಟ್ಯೂಷನ್‌ಗೆ ಏಳುವವರಿಗೆ ಅದರಲ್ಲಿ ಅರ್ಧ ಸಿಗುತ್ತದೆ. ಭಾನುವಾರ ಹನ್ನೊಂದರವರೆಗೆ ಮಲಗಿ ಸಾಲ ತೀರಿಸುವುದೂ ತಲೆನೋವಿಗೆ ದಾರಿ; ಏಳುವ ಹೊತ್ತು ವಾರದ ದಿನಕ್ಕಿಂತ ಒಂದು ಗಂಟೆಗಿಂತ ಹೆಚ್ಚು ಆಚೀಚೆ ಆಗದಿರಲಿ.

ಎರಡನೆಯದು ಬೆಳಗಿನ ತಿಂಡಿ. ಒಂದು ಲೋಟ ಹಾಲು ತಿಂಡಿಯಲ್ಲ. ಬಸ್ಸು ತಪ್ಪುತ್ತದೆಂದರೆ ಎರಡು ಇಡ್ಲಿ ಡಬ್ಬಿಗೆ ಹಾಕಿ ಕೊಡಿ, ಬಸ್ಸಿನಲ್ಲೇ ತಿನ್ನಲಿ. ಸಂಕಷ್ಟಿ, ಏಕಾದಶಿಗೆ ದೊಡ್ಡವರ ಜೊತೆ ಉಪವಾಸ ಮಾಡುವ ಮಕ್ಕಳಿಗೆ ಮಧ್ಯಾಹ್ನದ ಹೊತ್ತಿಗೆ ನೋವು ಬರುತ್ತಿದ್ದರೆ ಹಣ್ಣು ಹಾಲಿನ ಫಲಾಹಾರಕ್ಕೆ ಒಪ್ಪಿಸಿ. ನೀರು ದಿನಕ್ಕೆ ಎರಡು ಲೀಟರ್ ಸುಮಾರು. ಶಾಲೆಯ ಶೌಚಾಲಯಕ್ಕೆ ಹೋಗಲು ಹೇಸಿ ನೀರೇ ಕುಡಿಯದ ಹುಡುಗಿಯರು ಎಷ್ಟೋ ಮಂದಿ. ಬಾಟಲಿ ತುಂಬಿಯೇ ಮನೆಗೆ ವಾಪಸ್ ಬರುತ್ತಿದೆಯೇ ನೋಡಿ, ಬೈಯುವ ಮೊದಲು ಕಾರಣ ಕೇಳಿ.

ಚಾಕೊಲೇಟ್, ಚೀಸ್, ಅಜಿನೊಮೊಟೊ ಎಂದು ಉದ್ದ ಪಟ್ಟಿ ಹಿಡಿದು ಎಲ್ಲವನ್ನೂ ನಿಲ್ಲಿಸುವುದನ್ನು ನಾವು ಒಪ್ಪುವುದಿಲ್ಲ. ಕ್ಯಾಲೆಂಡರಿನಲ್ಲಿ ಮೂರು ಸಲ ಜೊತೆಯಾಗಿ ಕಂಡದ್ದನ್ನು ಮಾತ್ರ ಅನುಮಾನಿಸಿ. ನಮ್ಮ ಕಡೆಯ ಒಂದು ಪ್ರಚೋದಕಕ್ಕೆ ವೈದ್ಯಕೀಯ ದಾಖಲೆಯೇ ಇದೆ. ತಲೆಸ್ನಾನದಿಂದ ಮೈಗ್ರೇನ್ ಬರುವ ಭಾರತದ 94 ರೋಗಿಗಳ ವಿವರ 2006ರಲ್ಲಿ ತಲೆನೋವಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದಿತ್ತು. ಶುಕ್ರವಾರ ಎಣ್ಣೆನೀರು ಹಾಕಿಕೊಂಡು ಒದ್ದೆ ಜಡೆ ಹೆಣೆದು ಶಾಲೆಗೆ ಹೋಗುವ ಹುಡುಗಿಗೆ ಶುಕ್ರವಾರವೇ ನೋವು ಬರುತ್ತಿದ್ದರೆ, ಸ್ನಾನವನ್ನು ರಜಾದಿನಕ್ಕೆ ಹಾಕಿ ಕೂದಲು ಪೂರ್ತಿ ಒಣಗಿಸಿ ನೋಡಿ. ಹಾಗೇನೂ ಜೊತೆಯಾಗಿ ಕಾಣದಿದ್ದರೆ ಆ ತಂಟೆ ಬೇಡ.

ಯಾವ ಡಾಕ್ಟರು, ಯಾವ ಪರೀಕ್ಷೆ?

ಮೊದಲ ಭೇಟಿಗೆ ಮಕ್ಕಳ ವೈದ್ಯರು ಅಥವಾ ಮನೆಯ ಡಾಕ್ಟರೇ ಸಾಕು. ಅಲ್ಲಿ ಬಿಪಿ ಮತ್ತು ತೂಕ ನೋಡಿಸಿ. ಮಕ್ಕಳ ಬಿಪಿಯನ್ನು ಯಾರೂ ನೋಡುವುದೇ ಇಲ್ಲ. ಕಣ್ಣಿನ ವೈದ್ಯರಲ್ಲಿಗೆ ಹೋದರೆ ನಂಬರ್ ಮಾತ್ರ ಕೇಳಬೇಡಿ, ಕಣ್ಣಿನ ಹಿಂಪದರ ನೋಡಿ ನರ ಊದಿದೆಯೇ ಎಂದು ಕೇಳಿ. ಮೆದುಳಿನ ಒತ್ತಡ ಏರಿದೆಯೇ ಎಂಬುದಕ್ಕೆ ಎಂಆರ್‌ಐಗಿಂತ ಎಷ್ಟೋ ಅಗ್ಗದ ಪರೀಕ್ಷೆ ಇದು.

ಮೇಲೆ ಹೇಳಿದ ಅಪಾಯದ ಗುರುತು ಯಾವುದೂ ಇಲ್ಲದೆ, ನರಗಳ ತಪಾಸಣೆಯೂ ಸರಿಯಿದ್ದರೆ ಸ್ಕ್ಯಾನ್ ಬೇಕಿಲ್ಲ. ಸಿಟಿ ಸ್ಕ್ಯಾನಿನಲ್ಲಿ ವಿಕಿರಣವಿದೆ. ಎಂಆರ್‌ಐಯಲ್ಲಿ ತಲೆನೋವಿಗೆ ಸಂಬಂಧವೇ ಇಲ್ಲದ ಸಣ್ಣ ಗುಳ್ಳೆ, ಚುಕ್ಕೆ ಕಂಡು ಮತ್ತಾರು ತಿಂಗಳು ಮನೆಯವರ ನಿದ್ದೆ ಹೋಗುತ್ತದೆ. ಮೆದುಳಿನ ವಿದ್ಯುತ್ ಅಲೆ ಅಳೆಯುವ ಇಇಜಿ ಅಂತೂ ಮೈಗ್ರೇನ್‌ಗೆ ಬೇಡವೇ ಬೇಡ. ನರರೋಗ ತಜ್ಞರು ಬೇಕಾಗುವುದು ಟ್ರಿಪ್ಟಾನ್ ಸೋತಾಗ, ಔರಾ ಒಂದು ಗಂಟೆ ದಾಟಿದಾಗ, ತಿಂಗಳಿಗೆ ನಾಲ್ಕು ದಿನ ಮೀರಿದಾಗ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮದಲ್ಲಿ ತಲೆನೋವೂ ಸೇರಿದೆ. ಬೆಂಗಳೂರಿಗೆ ಬಸ್ ಹತ್ತುವ ಮೊದಲು ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲೇ ವಿಚಾರಿಸಿ.

ಶಾಲೆಯ ಬ್ಯಾಗಿಗೆ

ಮೈಗ್ರೇನ್ ಬಹಳ ಸಲ ತರಗತಿಯಲ್ಲೇ ಶುರುವಾಗುತ್ತದೆ, ಮಾತ್ರೆ ಮನೆಯಲ್ಲಿರುತ್ತದೆ. ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಆ ಅರ್ಧ ಗಂಟೆ ಎಂದೋ ಮುಗಿದಿರುತ್ತದೆ. ಸಣ್ಣ ಪೌಚಿನಲ್ಲಿ ಒಂದೇ ಡೋಸ್ ಮಾತ್ರೆ, ಬಿಸ್ಕೆಟ್ ಪೊಟ್ಟಣ, ವಾಂತಿಗೆ ಒಂದೆರಡು ಕವರ್ ಇಡಿ. ವೈದ್ಯರ ಚೀಟಿಯ ಪ್ರತಿ ಜೊತೆಗೆ ನಾಲ್ಕೇ ಸಾಲಿನ ಪತ್ರವನ್ನು ತರಗತಿ ಶಿಕ್ಷಕರಿಗೆ ಕೊಡಿ: ಯಾವ ಮಾತ್ರೆ, ಎಷ್ಟು, ನುಂಗಿದ ಮೇಲೆ ಅರ್ಧ ಗಂಟೆ ಕತ್ತಲಲ್ಲಿ ಮಲಗಲು ಬಿಡಿ, ಆಮೇಲೆ ತರಗತಿಗೆ ಕಳಿಸಿ, ಎರಡು ಗಂಟೆಯಲ್ಲಿ ಇಳಿಯದಿದ್ದರೆ ಈ ನಂಬರಿಗೆ ಫೋನ್ ಮಾಡಿ. ಕೆಲವು ಶಾಲೆಗಳು ಮಕ್ಕಳ ಬಳಿ ಮಾತ್ರೆ ಇರಲು ಬಿಡುವುದಿಲ್ಲ. ಹಾಗಿದ್ದರೆ ಆಫೀಸಿನಲ್ಲಿ ಯಾರ ಕೈಲಿರುತ್ತದೆ, ಅವರು ರಜೆಯಾದರೆ ಯಾರು ಎಂಬುದನ್ನೂ ಕೇಳಿಟ್ಟುಕೊಳ್ಳಿ.

ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಯ ದಿನಕ್ಕೆಂದು ಹೊಸ ಮಾತ್ರೆ ತಂದಿಟ್ಟುಕೊಳ್ಳುವವರಿದ್ದಾರೆ. ಟ್ರಿಪ್ಟಾನ್ ಕೆಲವರಿಗೆ ತೂಕಡಿಕೆ ತರುತ್ತದೆ, ಎದೆ ಬಿಗಿಸುತ್ತದೆ, ಒಂಡಾನ್ಸೆಟ್ರಾನ್ ಕೆಲವರಿಗೆ ತಲೆ ಭಾರ ಮಾಡುತ್ತದೆ. ಯಾವ ಔಷಧಿಯನ್ನಾದರೂ ಮೊದಲ ಸಲ ಮನೆಯಲ್ಲಿದ್ದಾಗ, ರಜಾದಿನ ಬಂದ ನೋವಿಗೆ ಕೊಟ್ಟು ನೋಡಿರಬೇಕು. ಮಾರ್ಚ್‌ನಲ್ಲಿ ಪರೀಕ್ಷೆಯೆಂದರೆ ಆ ಪ್ರಯೋಗ ಡಿಸೆಂಬರ್ ಹೊತ್ತಿಗೆ ಮುಗಿದಿರಲಿ.